ಹ್ಯಾಂಡ್ಸ್ ಡೌನ್

'ಹ್ಯಾಂಡ್ಸ್ ಡೌನ್' ಅಂದ ಇನ್ಸ್‌ಪೆಕ್ಟರು.
ಬೊಮ್ಮಯ್ಯ ಕೈ ಇಳಿಸಿದ.
ಹೋಲ್ಡರು ಕೆಳಗಿಟ್ಟ, ಮುಖವಾಡ ಎತ್ತಿದ,
ಏನು ತಪ್ಪಾಯಿತೋ ಎಂದು ನನ್ನತ್ತ ನೋಡಿದ.

ವಾಕ್ಯ ಇನ್ನೂ ಮುಗಿದಿರಲಿಲ್ಲ.
'ದ ಬೆಸ್ಟ್ ಐ ಹ್ಯಾವ್ ಎವರ್ ಸೀನ್' ಎಂಬುದು
ಜುಬೈಲಿನ ಬಿಸಿಗಾಳಿಯಲ್ಲಿ, ಕಂಪ್ರೆಸರಿನ ಸದ್ದಿನಲ್ಲಿ
ತುಸು ತಡವಾಗಿ ಬಂದು ಮುಟ್ಟಿತು.

ನಾನು ಟೈಮ್‌ಕೀಪರ್, ಕುಮಟೆಯಲ್ಲಿ ಬಿ.ಕಾಂ.
ಇಬ್ಬರ ನಡುವೆ ನಿಂತು ಮಾತು ದಾಟಿಸುವುದು
ನನ್ನ ಕೆಲಸದ ಪಟ್ಟಿಯಲ್ಲಿಲ್ಲ. ಆದರೂ ಹೇಳಿದೆ:
ಕೈ ಇಳಿಸು ಅಂತಲ್ಲ ಮಾರಾಯ, ಹೊಗಳ್ತಾ ಇದ್ದಾನೆ.
'ಹೊಗಳೂಕೆ ಕೈ ಎಂತಕ್ಕೆ ಇಳಸ್ಬೇಕು?'
ನನಗೂ ಗೊತ್ತಿರಲಿಲ್ಲ.

ಆಮೇಲೆ ಆ ಕೆಂಪು ಕತ್ತಿನ ಮನುಷ್ಯ
ತನ್ನ ಗಂಟು ಬಿಚ್ಚುತ್ತಲೇ ಹೋದ.
ಎಂಟಿಂಚಿನ ಪೈಪಿನ ರೂಟ್ ಪಾಸ್ ನೋಡಿ
'ಔಟ್ ಆಫ್ ದಿಸ್ ವರ್ಲ್ಡ್!'
ಕನ್ನಡಕ್ಕೆ ತರಲು ಹೋಗಿ ನಾಲಿಗೆ ಕಚ್ಚಿಕೊಂಡೆ.
ಈ ಲೋಕದವನಲ್ಲ ಎಂದರೆ ನಮ್ಮಲ್ಲಿ
ಹನ್ನೊಂದನೆಯ ದಿನಕ್ಕೆ ಅಡುಗೆಯವರನ್ನು ಹುಡುಕಬೇಕು.

'ಸೆಕೆಂಡ್ ಟು ನನ್' ಅಂದ ದಿನ
ಬೊಮ್ಮಯ್ಯ ಊಟ ಮಾಡಲಿಲ್ಲ.
ಸೆಕೆಂಡು ಅಷ್ಟೇ ಕೇಳಿಸಿತ್ತು ಅವನಿಗೆ.
ಕ್ಯಾಂಪಿನ ಬಸ್ಸಿನಲ್ಲಿ ಕಿಟಕಿಗೆ ಹಣೆಯೊತ್ತಿ
'ಫಸ್ಟು ಯಾರು, ಆ ಫಿಲಿಪಿನೋ ಹುಡುಗನಾ?'
'ವನ್ ಇನ್ ಎ ಮಿಲಿಯನ್' ಅಂದಾಗ ಮಾತ್ರ
ಮುಖ ಅರಳಿತು:
'ರಿಯಾಲೋ, ರೂಪಾಯೋ?'

ಅರ್ಥ ಗೊತ್ತಾದ ಮೇಲೆ ಬಿಡಲಿಲ್ಲ.
ರಾಡಿನ ನಂಬರು ಬರೆಯುವ ಪುಸ್ತಕದಲ್ಲಿ
ಕನ್ನಡ ಅಕ್ಷರದಲ್ಲಿ ಬರೆದುಕೊಂಡ.
ಬೇಳೆ ಸಾರಿನ ಮೊಫಿಜುಲ್‌ಗೆ ಒಂದು ಕೊಟ್ಟ.
ನಲವತ್ತೇಳು ಡಿಗ್ರಿಯ ರಾತ್ರಿ
ಹತ್ತೊಂಬತ್ತನೇ ರೂಮಿನ ಸತ್ತ ಏಸಿಯನ್ನು ಎಬ್ಬಿಸಿದವನಿಗೆ
ಎಲ್ಲವನ್ನೂ ಒಟ್ಟಿಗೆ ಕೊಟ್ಟ.

ಅವನ ಬೆಸುಗೆ ನೀವು ನೋಡಬೇಕು.
ಒಂದರ ಮೇಲೊಂದು ಜರುಗಿಸಿಟ್ಟ ನಾಣ್ಯದ ಸಾಲು.
ಎಲ್ಲಿ ಎರಡಾಗಿದ್ದೆನೆಂದು ಉಕ್ಕಿಗೇ ನೆನಪಿಲ್ಲ.
ನಾನೇನನ್ನಲಿ ಇದಕ್ಕೆ?
ಅದ್ಭುತ ಎಂದರೆ ಮೈಕಿನ ವಾಸನೆ,
ಅಮೋಘಕ್ಕೆ ಶಾಲು ಹಾರ ಬೇಕು,
ಭಯಂಕರ ಅನ್ನೋಣವೆಂದರೆ
ನಮ್ಮ ಕಡೆ ಊಟವೂ ಭಯಂಕರ, ಸೆಕೆಯೂ ಭಯಂಕರ.

ಮಿರ್ಜಾನಿನ ಹೊಳೆದಂಡೆಯಲ್ಲಿ ಅವನಪ್ಪ
ದೋಣಿಯ ಸಂದಿಗೆ ಹತ್ತಿ ಬಡಿಯುತ್ತಿದ್ದನಂತೆ.
ನೀರಿಗೆ ನೂಕಿ, ಹತ್ತಿ ಕೂತು,
ಒಂದು ಬೀಡಿ ಪೂರ್ತಿ ಸೇದಿ,
ತಳವನ್ನು ಅಂಗೈಯಿಂದ ಸವರುತ್ತಿದ್ದನಂತೆ.
ಒಣಗಿದ್ದರೆ, 'ಅಡ್ಡಿಲ್ಲ.'
ಅದಕ್ಕಿಂತ ಹೆಚ್ಚು ಆಡಿದ್ದನ್ನು
ಹೊಳೆಯೂ ಕೇಳಿಲ್ಲ.

ಇದು ಎಕ್ಸ್‌ರೇ ರಾತ್ರಿಯ ಮಾತು.
ಹಳದಿ ಹಗ್ಗ ಕಟ್ಟಿ ಎಲ್ಲರನ್ನೂ ದೂರ ಅಟ್ಟಿದ್ದರು.
ಬೆಳಗಿನ ಜಾವ ಫಿಲ್ಮು ಬಂತು,
ದೀಪದ ಪೆಟ್ಟಿಗೆಯ ಮೇಲೆ ಹಾಸಿದರು:
ಮಸುಕು ಪಟ್ಟಿ, ಅದರೊಳಗೆ
ಒಂದು ಕಪ್ಪು ಚುಕ್ಕಿಯಿಲ್ಲ.
ಇನ್ಸ್‌ಪೆಕ್ಟರು ಬಾಯಿ ತೆರೆದ. ಮಾತು ಸಿಗಲಿಲ್ಲ,
ಗಂಟು ಖಾಲಿಯಾಗಿತ್ತೋ ಏನೋ.

ಬೊಮ್ಮಯ್ಯ ಬಗ್ಗಿದ,
ಫಿಲ್ಮಿನ ಮೇಲೆ ಅಂಗೈ ಸವರಿದ.
'ಅಡ್ಡಿಲ್ಲ' ಅಂದ.

ಏನಂದ? ಎಂದು ನನ್ನ ಕೇಳಿದರು.
ನಿದ್ದೆಗಣ್ಣು, ಬಿ.ಕಾಂ. ಇಂಗ್ಲಿಷು,
ಬಾಯಿಗೆ ಬಂದದ್ದು ಹೇಳಿಬಿಟ್ಟೆ:
'ನೋ ಅಬ್ಜೆಕ್ಷನ್.'

ಗಲ್ಫಿನಲ್ಲಿ ಆ ಎರಡು ಶಬ್ದಕ್ಕೆ
ಒಂದೇ ಅರ್ಥ, ಒಂದೇ ಕಾಗದ.
ಬೊಮ್ಮಯ್ಯನ ಅರ್ಜಿ, ಮೂರನೆಯದು,
ಮ್ಯಾನೇಜರ ಡ್ರಾಯರಿನಲ್ಲಿ ಕೂತು ಒಂದೂವರೆ ವರ್ಷ.
ಇಂಥ ಕೈಯನ್ನು ಯಾವ ಕಂಪನಿ ಬಿಟ್ಟೀತು?

ಇನ್ಸ್‌ಪೆಕ್ಟರ ಕೆಂಪು ಕತ್ತು ಬಿಳಿಚಿತು.
'ಈಸ್ ಹಿ ಲೀವಿಂಗ್?
ನೋ, ನೋ, ನೋ.'

'ಎಂತಾ ಅಂದ?' ಬೊಮ್ಮಯ್ಯ ಕೇಳಿದ.

ಹೊಗಳಿದ, ಅಂದೆ.